ಖಾಲಿ ಬಿಟ್ಟ ಕಾಲಂ ಯಾರ ಲೆಕ್ಕಕ್ಕೆ?

ನವೆಂಬರ್ 1 ನಮಗೆ ರಾಜ್ಯೋತ್ಸವ. ಅಮೆರಿಕದಲ್ಲಿ ಹನ್ನೆರಡನೇ ತರಗತಿ ಓದುತ್ತಿರುವ ಕನ್ನಡಿಗರ ಮಕ್ಕಳಿಗೆ ಅದು ಇನ್ನೊಂದು ಕಾರಣಕ್ಕೆ ನೆನಪಿರುವ ತಾರೀಕು. ಅಲ್ಲಿನ ಹಲವು ಹೆಸರಾಂತ ಕಾಲೇಜುಗಳಿಗೆ ‘ಅರ್ಲಿ’ ಅರ್ಜಿ ಹಾಕಲು ಅದೇ ಕೊನೆಯ ದಿನ. ಹಾಗಾಗಿ ಆ ಹೊತ್ತಿನ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಬಿಸಿಬೇಳೆಬಾತಿಗೆ ಸಾಲು ನಿಂತ ಅಪ್ಪ–ಅಮ್ಮಂದಿರ ಮಾತು ನಾಡಗೀತೆ ಮುಗಿದು ಹತ್ತು ನಿಮಿಷದೊಳಗೆ ಅರ್ಜಿಯ ಕಡೆ ಹೊರಳುತ್ತದೆ. ಎಸ್ಸೇ ಯಾರು ತಿದ್ದಿಕೊಟ್ಟರು, ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಕಳಿಸುವುದೋ ಬೇಡವೋ. ಆಮೇಲೆ ಸ್ವಲ್ಪ ದನಿ ತಗ್ಗಿಸಿ: “ಏಷ್ಯನ್ ಅಂತ ಟಿಕ್ ಮಾಡಿಸಿದ್ರಾ, ಖಾಲಿ ಬಿಡಿಸಿದ್ರಾ?”

ಪ್ರಶ್ನೆ ಹಳೆಯದು. ಆದರೆ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ತೂಗುವಂತಿಲ್ಲ ಎಂದು 2023ರ ಜೂನ್ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಆ ಪ್ರಶ್ನೆಯ ಬುಡವೇ ಬದಲಾಗಿದೆ. ದನಿ ತಗ್ಗಿಸುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ. ಖಾಲಿ ಬಿಟ್ಟರೆ ಮಗುವಿಗೆ ಅನುಕೂಲ ಎಂದು ನಂಬಿದವರು ಇವತ್ತಿಗೂ ಖಾಲಿ ಬಿಡಿಸುತ್ತಿದ್ದಾರೆ. ಅದರಿಂದ ಮಗುವಿಗೆ ಆಗುತ್ತಿರುವುದು ಬಹುಶಃ ಏನೂ ಇಲ್ಲ. ಲೆಕ್ಕಕ್ಕೆ ಮಾತ್ರ ಬಹಳ ಆಗುತ್ತಿದೆ.

ಮೊದಲು ಅರ್ಜಿಯನ್ನೇ ನೋಡೋಣ. ‘ಕಾಮನ್ ಆ್ಯಪ್’ 1975ರಿಂದ ಇದೆ. ಒಂದೇ ಅರ್ಜಿ ತುಂಬಿ, ಅದನ್ನು ಒಪ್ಪುವ ಸಾವಿರಕ್ಕೂ ಹೆಚ್ಚು ಕಾಲೇಜುಗಳಲ್ಲಿ ಬೇಕಾದವಕ್ಕೆ ಕಳಿಸಬಹುದು. ಪ್ರತಿ ಆಗಸ್ಟ್ 1ಕ್ಕೆ ಆ ವರ್ಷದ ಅರ್ಜಿ ತೆರೆಯುತ್ತದೆ. ವಿದ್ಯಾರ್ಥಿಯ ವೈಯಕ್ತಿಕ ವಿವರಗಳ ಭಾಗದಲ್ಲಿ ಜನಾಂಗ ಮತ್ತು ಮೂಲದ ಪ್ರಶ್ನೆ ಬರುತ್ತದೆ. ಹಿಸ್ಪಾನಿಕ್ ಅಥವಾ ಲ್ಯಾಟಿನೊ, ಬಿಳಿಯ, ಕಪ್ಪುವರ್ಣೀಯ, ಏಷ್ಯನ್, ಅಮೆರಿಕದ ಮೂಲನಿವಾಸಿ, ಹವಾಯಿ ಮತ್ತು ಪೆಸಿಫಿಕ್ ದ್ವೀಪದವರು. ಏಷ್ಯನ್ ಎಂದು ಒತ್ತಿದರೆ ಒಳಗೆ ಇಂಡಿಯಾ, ಚೀನಾ, ಪಾಕಿಸ್ತಾನ, ಜಪಾನ್ ಎಂದು ಇನ್ನೊಂದು ಪಟ್ಟಿ. ಒಂದಕ್ಕಿಂತ ಹೆಚ್ಚು ಚೌಕಕ್ಕೆ ಟಿಕ್ ಹಾಕಬಹುದು, ಒಂದಕ್ಕೂ ಹಾಕದೆ ಮುಂದಿನ ಪುಟಕ್ಕೆ ಹೋಗಬಹುದು. ಉತ್ತರ ಕಡ್ಡಾಯವಲ್ಲ.

ನಮ್ಮ ಕಡೆಯಿಂದ ಹೋದವರು ಎಡವುವುದು ಇಲ್ಲೇ. ಸಿಇಟಿ ಅರ್ಜಿಯಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂದು ಬರೆದು ಬೆಳೆದ ತಲೆಮಾರು ಅದು. ಅಲ್ಲಿ ಕಾಲಂ ಎಂದರೆ ಒಂದು ಹಕ್ಕಿನ ಬೇಡಿಕೆ. ಬೇಡಿಕೆಗೆ ಆಧಾರ ಬೇಕು: ನಾಡಕಚೇರಿಯಲ್ಲಿ ಅರ್ಜಿ, ತಹಶೀಲ್ದಾರರ ಪ್ರಮಾಣಪತ್ರ, ಆರ್‌ಡಿ ನಂಬರ್. ಏನೂ ಕೇಳಿಕೊಳ್ಳದಿದ್ದರೆ ನೀವು ತಾನಾಗಿಯೇ ಜಿಎಂ. ಅಂದರೆ ಖಾಲಿ ಬಿಟ್ಟವನಿಗೂ ಒಂದು ಸ್ಪಷ್ಟ ಜಾಗ ಇದೆ. ಅಮೆರಿಕದಲ್ಲಿ ಅಂಥ ಹಕ್ಕೂ ಇಲ್ಲ, ಆಧಾರವೂ ಬೇಕಿಲ್ಲ. ಜನಾಂಗವಾರು ಸೀಟು ಮೀಸಲಿಡುವುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1978ರ ಬಾಕ್ಕಿ ಪ್ರಕರಣದಲ್ಲೇ ತಳ್ಳಿಹಾಕಿತ್ತು. ಉಳಿದದ್ದು, ಅರ್ಜಿಯನ್ನು ಇಡಿಯಾಗಿ ತೂಗುವಾಗ ಜನಾಂಗವನ್ನೂ ಒಂದು ಅಂಶವಾಗಿ ನೋಡಬಹುದು ಎಂಬ ಸಡಿಲ ಅನುಮತಿ. ಪುರಾವೆಯನ್ನಂತೂ ಯಾರೂ ಕೇಳುವುದಿಲ್ಲ, ಹೇಳಿದ್ದೇ ಸತ್ಯ. 1990ರ ದಶಕದ ಕೊನೆಯಲ್ಲಿ ತಲೆ ಬೋಳಿಸಿಕೊಂಡು, ಕಪ್ಪುವರ್ಣೀಯ ಎಂದು ಬರೆದು ಮೆಡಿಕಲ್ ಸೀಟು ಪಡೆದೆ ಎಂದು ತಮಿಳು ಮೂಲದ ಅಮೆರಿಕನ್ ಒಬ್ಬರು 2015ರಲ್ಲಿ ತಾವೇ ಹೇಳಿಕೊಂಡು ಗಲಾಟೆಯಾಗಿತ್ತು. ಆರ್‌ಡಿ ನಂಬರ್ ಇಲ್ಲದ ಊರಿನ ಕಥೆ.

ಹಾಗಾದರೆ ಖಾಲಿ ಬಿಡುವ ಯೋಚನೆ ಬಂದದ್ದು ಎಲ್ಲಿಂದ? ಅದು ಬರೀ ಭ್ರಮೆಯಾಗಿರಲಿಲ್ಲ.

ಎಡ್ವರ್ಡ್ ಬ್ಲಮ್ ಎಂಬುವರು ಕಟ್ಟಿದ ‘ಸ್ಟೂಡೆಂಟ್ಸ್ ಫಾರ್ ಫೇರ್ ಅಡ್ಮಿಷನ್ಸ್’ ಸಂಘಟನೆ 2014ರ ನವೆಂಬರ್‌ನಲ್ಲಿ ಹಾರ್ವರ್ಡ್ ಮೇಲೆ ದಾವೆ ಹೂಡಿತು. ಏಷ್ಯನ್ ಅಮೆರಿಕನ್ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂಬುದು ದೂರು. ದಾವೆಯಿಂದಾಗಿ ಹಾರ್ವರ್ಡ್ ತನ್ನ ಪ್ರವೇಶ ಕಚೇರಿಯ ಕಪಾಟುಗಳನ್ನು ತೆರೆಯಬೇಕಾಯಿತು. ಅರ್ಜಿದಾರರಿಗೆ ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಎಂದು ಬೇರೆ ಬೇರೆ ಅಂಕ ಕೊಡುತ್ತಿದ್ದದ್ದು ಹೊರಬಿತ್ತು. ಓದಿನಲ್ಲಿ ಮುಂದಿದ್ದ ಏಷ್ಯನ್ ಮಕ್ಕಳು ‘ಪರ್ಸನಲ್ ರೇಟಿಂಗ್’ನಲ್ಲಿ ಹಿಂದೆ ಬೀಳುತ್ತಿದ್ದರು. ಎದುರು ಕೂತು ಸಂದರ್ಶನ ಮಾಡಿದ ಹಳೆಯ ವಿದ್ಯಾರ್ಥಿಗಳು ಅವರಿಗೆ ಬಿಳಿಯರಷ್ಟೇ ಅಂಕ ಕೊಟ್ಟಿದ್ದರೆ, ಮುಖವನ್ನೇ ನೋಡದ ಕಚೇರಿಯವರು ಕಡಿಮೆ ಕೊಟ್ಟಿದ್ದರು. ದೂರುದಾರರ ಪರ ಲೆಕ್ಕ ಹಾಕಿದವರು ಡ್ಯೂಕ್‌ನ ಅರ್ಥಶಾಸ್ತ್ರಜ್ಞ ಪೀಟರ್ ಆರ್ಸಿಡಿಯಾಕೊನೊ. ಹಾರ್ವರ್ಡ್ ಪರ ನಿಂತವರು ಬರ್ಕ್ಲಿಯ ಡೇವಿಡ್ ಕಾರ್ಡ್. ಮುಂದೆ 2021ರಲ್ಲಿ ಅವರಿಗೆ ನೊಬೆಲ್ ಬಂತು. ಒಂದೇ ಕಡತ, ಎರಡು ಲೆಕ್ಕ. ಎರಡೂ ಪಕ್ಕಾ ಎನ್ನುವಂತಿದ್ದವು.

2019ರಲ್ಲಿ ಜಿಲ್ಲಾ ನ್ಯಾಯಾಧೀಶೆ ಆ್ಯಲಿಸನ್ ಬರೋಸ್ ಅವರು ಉದ್ದೇಶಪೂರ್ವಕ ತಾರತಮ್ಯ ಸಾಬೀತಾಗಿಲ್ಲ ಎಂದು ಹಾರ್ವರ್ಡ್ ಪರ ತೀರ್ಪು ಕೊಟ್ಟರು. ಆ ತೀರ್ಪು ಓದುವ ತಾಳ್ಮೆ ಯಾವ ಅಪ್ಪ–ಅಮ್ಮನಿಗೂ ಇರಲಿಲ್ಲ. ಮನಸ್ಸಿನಲ್ಲಿ ಕೂತದ್ದು ಅಂಕಿ. ಓದಿನ ಅಂಕಗಳ ಪ್ರಕಾರ ಅರ್ಜಿದಾರರನ್ನು ಹತ್ತು ಮೆಟ್ಟಿಲಾಗಿ ವಿಂಗಡಿಸಿದರೆ, ಕೆಳಗಿನಿಂದ ನಾಲ್ಕನೇ ಮೆಟ್ಟಿಲಿನ ಕಪ್ಪುವರ್ಣೀಯ ವಿದ್ಯಾರ್ಥಿಗೆ ಹಾರ್ವರ್ಡ್ ಸಿಗುವ ಸಾಧ್ಯತೆ ಶೇ 12.8. ಮೇಲ್ತುದಿಯ ಮೆಟ್ಟಿಲಿನ ಏಷ್ಯನ್ ವಿದ್ಯಾರ್ಥಿಗೆ ಶೇ 12.7. ಸುಪ್ರೀಂ ಕೋರ್ಟಿನ ತೀರ್ಪೂ ಈ ಎರಡು ಸಂಖ್ಯೆಗಳನ್ನು ಎತ್ತಿಕೊಂಡಿದೆ. ಇದನ್ನು ನೋಡಿದ ಮೇಲೆ ಯಾವ ತಾಯಿಗೆ ‘ಏಷ್ಯನ್’ ಚೌಕದ ಮೇಲೆ ಕೈ ಇಡುವ ಧೈರ್ಯ ಬರುತ್ತದೆ? ಚೆಸ್ ಬೇಡ, ಪಿಯಾನೊ ಬೇಡ, ಗಣಿತದ ಒಲಿಂಪಿಯಾಡನ್ನು ಪಟ್ಟಿಯ ಕೆಳಗೆ ಹಾಕು, ಒಟ್ಟಿನಲ್ಲಿ ‘ಕಡಿಮೆ ಏಷ್ಯನ್’ ಆಗಿ ಕಾಣು ಎಂದು ಹೇಳಿಕೊಡುವ ಖಾಸಗಿ ಕೌನ್ಸೆಲರ್‌ಗಳ ಬಗ್ಗೆ ಅಲ್ಲಿನ ಪತ್ರಿಕೆಗಳು ವರ್ಷಗಟ್ಟಲೆ ಬರೆದವು. ಕಾಲಂ ಖಾಲಿ ಬಿಡುವುದು ಅದರಲ್ಲಿ ಪುಕ್ಕಟೆ ಸಿಗುವ ಸಲಹೆ.

ಭಯಕ್ಕೆ ಆಧಾರವಿತ್ತು, ಮದ್ದಿಗೆ ಇರಲಿಲ್ಲ. ಅರ್ಜಿಯ ಮೊದಲ ಸಾಲಿನಲ್ಲೇ ಹೆಸರಿದೆ. ಹೆಗಡೆ, ಶೆಟ್ಟಿ, ಕುಲಕರ್ಣಿ, ರಾವ್ ಎಂಬ ಹೆಸರು ಬರೆದು ಜನಾಂಗ ಗುಟ್ಟಾಗಿಡುವುದು ಎಂಥ ಗುಟ್ಟು? ಹುಟ್ಟಿದ ಊರು, ಮನೆಯಲ್ಲಿ ಆಡುವ ಭಾಷೆ, ಅಪ್ಪ–ಅಮ್ಮನ ಉದ್ಯೋಗ, ಅವರು ಓದಿದ ಕಾಲೇಜು ಇವನ್ನೂ ಅರ್ಜಿ ಕೇಳುತ್ತದೆ. ಭಾಷೆಯ ಜಾಗದಲ್ಲಿ ಕನ್ನಡ, ಅಪ್ಪನ ಕಾಲೇಜಿನ ಜಾಗದಲ್ಲಿ ಮೈಸೂರಿನದೋ ಸುರತ್ಕಲ್ಲಿನದೋ ಇಂಜಿನಿಯರಿಂಗ್ ಕಾಲೇಜು, ಚಟುವಟಿಕೆಗಳ ಪಟ್ಟಿಯಲ್ಲಿ ಭರತನಾಟ್ಯ ರಂಗಪ್ರವೇಶ. ಇಷ್ಟೆಲ್ಲ ಬರೆದು ಏಷ್ಯನ್ ಎಂಬ ಒಂದು ಟಿಕ್ ಮಾತ್ರ ಬಿಟ್ಟವರನ್ನು ಓದುವವರು ಯಾರೆಂದುಕೊಳ್ಳುತ್ತಾರೆ, ನಾರ್ವೆಯವರು ಎಂದೇ? ಹೆಸರೊಂದೇ ಎಷ್ಟು ಮಾತಾಡುತ್ತದೆ ಎಂಬುದಕ್ಕೆ ಪ್ರಸಿದ್ಧ ಪ್ರಯೋಗವೇ ಇದೆ. ಮರಿಯಾನ್ ಬರ್ಟ್ರಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸಕ್ಕೆ ಒಂದೇ ಬಗೆಯ ಅರ್ಜಿಗಳು ಹೋದವು. ಕೆಲವಕ್ಕೆ ಬಿಳಿಯರದೆನಿಸುವ ಹೆಸರು, ಕೆಲವಕ್ಕೆ ಕಪ್ಪುವರ್ಣೀಯರದೆನಿಸುವ ಹೆಸರು. ಬಿಳಿಯರ ಹೆಸರಿಗೆ ಗಣನೀಯವಾಗಿ ಹೆಚ್ಚು ಕರೆ ಬಂದವು. ಅಲ್ಲಿ ಯಾವ ಕಾಲಂ ಕೂಡ ಇರಲಿಲ್ಲ.

2023ರ ಜೂನ್ 29ರಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದ ತೀರ್ಪು ಹೊರಬಂತು. ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ, ಎರಡೂ ಸೋತವು. ಹಾರ್ವರ್ಡ್ ಪ್ರಕರಣದಲ್ಲಿ 6–2 (ಹಾರ್ವರ್ಡ್ ಜೊತೆ ಹಿಂದೆ ಸಂಬಂಧವಿದ್ದ ನ್ಯಾಯಮೂರ್ತಿ ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಆ ಪ್ರಕರಣದಿಂದ ಹೊರಗಿದ್ದರು), ನಾರ್ತ್ ಕ್ಯಾರೊಲಿನಾದಲ್ಲಿ 6–3. ಪ್ರವೇಶ ಕೊಡುವಾಗ ಜನಾಂಗವನ್ನು ಜನಾಂಗವೆಂಬ ಕಾರಣಕ್ಕೆ ತೂಗುವಂತಿಲ್ಲ. 2003ರ ಮಿಷಿಗನ್ ಪ್ರಕರಣದಲ್ಲಿ, ಇನ್ನು 25 ವರ್ಷದ ನಂತರ ಜನಾಂಗದ ಪರಿಗಣನೆ ಬೇಕಾಗಲಿಕ್ಕಿಲ್ಲ ಎಂದು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಆಶಿಸಿದ್ದರು. ಗಡುವಿಗೆ ಐದು ವರ್ಷ ಬಾಕಿ ಇರುವಾಗಲೇ ಬಾಗಿಲು ಹಾಕಿತು.

ಆ ವರ್ಷದ ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ಒಂದು ಏರ್ಪಾಡು ಮಾಡಿತು. ಪ್ರಶ್ನೆಯನ್ನು ತೆಗೆಯಲಿಲ್ಲ. ಆದರೆ ಉತ್ತರವನ್ನು ಮುಚ್ಚಿಡುವ ಅವಕಾಶ ಕಾಲೇಜಿಗೆ ಕೊಟ್ಟಿತು. ಕಾಲೇಜು ಹಾಗೆ ಮಾಡಿದರೆ ಅರ್ಜಿ ಓದಿ ತೀರ್ಮಾನಿಸುವವರ ಪರದೆಯಲ್ಲಿ ಆ ಕಾಲಂ ಕಾಣುವುದೇ ಇಲ್ಲ. ಟಿಕ್ ಹಾಕಿದವನೂ ಒಂದೇ, ಬಿಟ್ಟವನೂ ಒಂದೇ. ಉತ್ತರ ಅಳಿಸಿಹೋಗುವುದಿಲ್ಲ, ಪ್ರವೇಶದ ಕೆಲಸ ಮುಗಿದ ಮೇಲೆ ಅಂಕಿಅಂಶದ ಮೇಜಿಗೆ ಹೋಗುತ್ತದೆ. ಹೆಸರು ಮುಚ್ಚಿಲ್ಲ, ಭಾಷೆ ಮುಚ್ಚಿಲ್ಲ, ರಂಗಪ್ರವೇಶ ಮುಚ್ಚಿಲ್ಲ ಎಂಬುದು ಬೇರೆ ಮಾತು.

ಎಸ್ಸೇ ಕೂಡ ಮುಚ್ಚಿಲ್ಲ. ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ಬರೆದರೆ ಅದನ್ನು ಪರಿಗಣಿಸಬಾರದು ಎಂದೇನೂ ಈ ತೀರ್ಪು ಹೇಳುವುದಿಲ್ಲ ಎಂದು ರಾಬರ್ಟ್ಸ್ ಬರೆದರು. ಪರಿಗಣಿಸುವುದಿದ್ದರೆ ಆ ವಿದ್ಯಾರ್ಥಿಯ ಧೈರ್ಯ, ಛಲ, ಸಾಮರ್ಥ್ಯಕ್ಕೆ ಅದು ಕೂಡಿಬರಬೇಕು; ಎಸ್ಸೇ ನೆಪದಲ್ಲಿ ಹಳೆಯ ಪದ್ಧತಿಯನ್ನು ಹಿತ್ತಲಿನಿಂದ ತರುವಂತಿಲ್ಲ ಎಂಬ ಎಚ್ಚರಿಕೆಯೂ ಜೊತೆಗಿತ್ತು. ಕಾಲೇಜುಗಳು ಮೊದಲರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡವು. ಸಾರಾ ಲಾರೆನ್ಸ್ ಕಾಲೇಜು ತನ್ನ ಎಸ್ಸೇ ಪ್ರಶ್ನೆಯಲ್ಲಿ ಆ ತೀರ್ಪಿನ ಸಾಲನ್ನೇ ಉಲ್ಲೇಖಿಸಿ ಬಿಟ್ಟಿತು. ತುಂಟತನವೋ ಪ್ರತಿಭಟನೆಯೋ, ನನಗಂತೂ ಎರಡೂ ಎನಿಸಿತು.

ಪರಿಣಾಮ ವಿಚಿತ್ರವಾಗಿದೆ. ಟಿಕ್ ಹಾಕುವುದು ಒಂದು ಸೆಕೆಂಡಿನ ಕೆಲಸವಾಗಿತ್ತು, ಅದಕ್ಕೆ ಬರವಣಿಗೆ ಬೇಕಿರಲಿಲ್ಲ. ಈಗ ಜನಾಂಗ ಲೆಕ್ಕಕ್ಕೆ ಬರಬೇಕಿದ್ದರೆ ಅದನ್ನು ಕಥೆ ಮಾಡಿ ಹೇಳಬೇಕು. ಹದಿನೇಳು ವರ್ಷದ ಹುಡುಗಿ ತನಗಾದ ಅವಮಾನವನ್ನು ಹುಡುಕಿ, ಉಜ್ಜಿ, ಐನೂರು ಪದಕ್ಕೆ ಇಳಿಸಬೇಕು. ದುಡ್ಡಿದ್ದವರಿಗೆ ಅದನ್ನು ತಿದ್ದಿಕೊಡುವವರು ಸಿಗುತ್ತಾರೆ, ಇಲ್ಲದವರು ತೋಚಿದಂತೆ ಬರೆಯುತ್ತಾರೆ. ಕನ್ನಡಿಗರ ಮನೆಗಳಲ್ಲಿ ಇದು ಇನ್ನೊಂದು ಇಕ್ಕಟ್ಟು ತಂದಿದೆ. ಕಾಲಂ ಖಾಲಿ ಬಿಡಿಸುವ ಅಮ್ಮನೇ ಅಜ್ಜಿಯ ಕೈತುತ್ತಿನ ಮೇಲೆ, ಊಟದ ಡಬ್ಬಿಯ ವಾಸನೆಗೆ ಮೂಗು ಮುಚ್ಚಿಕೊಂಡ ಸಹಪಾಠಿಗಳ ಮೇಲೆ ಎಸ್ಸೇ ಬರೆ ಎಂದು ಮಗಳಿಗೆ ದುಂಬಾಲು ಬೀಳುತ್ತಾಳೆ. ಒಂದು ಪುಟದಲ್ಲಿ ಅಡಗಿಸಿದ್ದನ್ನು ಮುಂದಿನ ಪುಟದಲ್ಲಿ ಡಂಗುರ ಹೊಡೆಸುವುದು.

ಈಗ ಲೆಕ್ಕದ ಮೇಜಿಗೆ ಬರೋಣ. ನಿಜವಾದ ಕಥೆ ಇರುವುದು ಅಲ್ಲಿ.

ಅಮೆರಿಕದ ಕಾಲೇಜುಗಳು ತಮ್ಮಲ್ಲಿ ಯಾರು ಓದುತ್ತಿದ್ದಾರೆ ಎಂದು ಕೇಂದ್ರದ ಶಿಕ್ಷಣ ಇಲಾಖೆಗೆ ಪ್ರತಿ ವರ್ಷ ವರದಿ ಕೊಡಬೇಕು. ಆ ವರದಿಯ ಈಗಿನ ನಿಯಮ 2007ರದ್ದು. ಹಿಸ್ಪಾನಿಕ್ ಎಂದು ಹೇಳಿಕೊಂಡರೆ ಬೇರೆ ಏನು ಟಿಕ್ ಮಾಡಿದ್ದರೂ ಹಿಸ್ಪಾನಿಕ್ ಮಾತ್ರ. ಎರಡು ಜನಾಂಗ ಟಿಕ್ ಮಾಡಿದವರು ‘ಎರಡು ಅಥವಾ ಹೆಚ್ಚು’ ಎಂಬ ಸಾಲಿಗೆ. ಹೀಗಾಗಿ ಧಾರವಾಡದ ಅಪ್ಪ, ಮೆಕ್ಸಿಕೊದ ಅಮ್ಮ ಇರುವ ಹುಡುಗ ಹಿಸ್ಪಾನಿಕ್. ಅಮ್ಮ ಐರಿಶ್ ಮೂಲದವಳಾದರೆ ಅದೇ ಹುಡುಗ ‘ಎರಡು ಅಥವಾ ಹೆಚ್ಚು’. ಏನೂ ಹೇಳದವರಿಗೆ ‘ಗೊತ್ತಿಲ್ಲ’ ಎಂಬ ಸಾಲಿದೆ.

ಒಂದು ತಮಾಷೆಯ ಸಂಗತಿ. ಅದೇ 2007ರ ನಿಯಮದ ಪ್ರಕಾರ ಶಾಲೆಗಳಲ್ಲಿ ಈ ‘ಗೊತ್ತಿಲ್ಲ’ ಸಾಲು ಇಲ್ಲ. ಪೋಷಕರು ಕಾಲಂ ಖಾಲಿ ಬಿಟ್ಟರೆ ಶಾಲೆಯವರು ಮಗುವನ್ನು ನೋಡಿ ತಾವೇ ತುಂಬಬೇಕು. ಅಂದರೆ ಹನ್ನೆರಡನೇ ತರಗತಿಯವರೆಗೆ ನೀವು ಯಾರೆಂದು ಇನ್ನೊಬ್ಬರು ನೋಡಿ ಬರೆಯಬಹುದು, ಕಾಲೇಜಿನ ಬಾಗಿಲಲ್ಲಿ ಮಾತ್ರ ನಿಮ್ಮ ಮೌನಕ್ಕೆ ಮರ್ಯಾದೆ.

ತೀರ್ಪಿನ ನಂತರ ಈ ಮೌನ ಹೆಚ್ಚಿತು. ತೀರ್ಪು ಜಾರಿಯಾದ ಮೇಲೆ ಸೇರಿದ ಮೊದಲ ತಂಡ 2024ರ ಶರತ್ಕಾಲದ್ದು. ಪ್ರಿನ್ಸ್‌ಟನ್‌ನಲ್ಲಿ ಜನಾಂಗ ಹೇಳದವರ ಪಾಲು ಹಿಂದಿನ ವರ್ಷ ಶೇ 1.8 ಇದ್ದದ್ದು ಶೇ 7.7ಕ್ಕೆ ಏರಿತು. ಹಾರ್ವರ್ಡ್‌ನಲ್ಲಿ ಶೇ 4ರಿಂದ 8ಕ್ಕೆ. ಕೇಳಲು ಸಣ್ಣ ಸಂಖ್ಯೆ. ಆದರೆ ಪ್ರಿನ್ಸ್‌ಟನ್‌ನ ಇನ್ನೊಂದು ಸಾಲು ನೋಡಿ. ಅಲ್ಲಿ ಏಷ್ಯನ್ ಅಮೆರಿಕನ್ನರ ಪಾಲು ಶೇ 26ರಿಂದ 23.8ಕ್ಕೆ ಇಳಿಯಿತು. ತೀರ್ಪಿನಿಂದ ಏಷ್ಯನ್ನರಿಗೆ ಲಾಭವಾಗುತ್ತದೆ ಎಂದು ಎಲ್ಲರೂ ಕಾದಿದ್ದಾಗ ಇಳಿದದ್ದೇಕೆ? ಪ್ರಿನ್ಸ್‌ಟನ್, ಯೇಲ್, ಡ್ಯೂಕ್‌ಗಳಿಗೆ ಬ್ಲಮ್ ಅವರ ಸಂಘಟನೆ ವಿವರಣೆ ಕೇಳಿ ಪತ್ರ ಬರೆಯಿತು. ಯೇಲ್‌ನಲ್ಲಿ ಶೇ 30 ಇದ್ದ ಏಷ್ಯನ್ನರು ಶೇ 24ಕ್ಕೆ ಇಳಿದಿದ್ದರು.

ಪ್ರಿನ್ಸ್‌ಟನ್‌ನ ಲೆಕ್ಕವನ್ನು ಚೀಟಿಯ ಹಿಂಬದಿಯಲ್ಲೇ ಹಾಕಿ ನೋಡಬಹುದು. ಏಷ್ಯನ್ ಸಾಲಿನಲ್ಲಿ ಇಳಿಕೆ 2.2 ಅಂಶ. ‘ಗೊತ್ತಿಲ್ಲ’ ಸಾಲಿನಲ್ಲಿ ಏರಿಕೆ 5.9 ಅಂಶ. ಹೊಸದಾಗಿ ಮೌನವಾದ ಪ್ರತಿ ಹತ್ತು ಮಂದಿಯಲ್ಲಿ ನಾಲ್ವರು ಏಷ್ಯನ್ನರಾಗಿದ್ದರೂ ಸಾಕು, ಆ ಇಳಿಕೆ ಇಳಿಕೆಯೇ ಅಲ್ಲ. ಆರೇಳು ಮಂದಿ ಆಗಿದ್ದರೆ ಏಷ್ಯನ್ನರ ಪಾಲು ಹೆಚ್ಚಿದೆ ಎಂದರ್ಥ. ಯಾರೂ ಆಗಿರದಿದ್ದರೆ ಇಳಿದದ್ದು ನಿಜ, ವಿವರಣೆ ಕೇಳಿದ್ದು ಸರಿ. ಮೂರರಲ್ಲಿ ಯಾವುದು ಎಂದು ಆ ಪಟ್ಟಿ ನೋಡಿ ಹೇಳಲು ಬರುವುದಿಲ್ಲ. ತಮ್ಮ ಮಕ್ಕಳಿಗೆ ಅನ್ಯಾಯವಾಗುತ್ತಿದೆಯೇ ಎಂದು ತಿಳಿಯಲು ಸುಮಾರು ಒಂಬತ್ತು ವರ್ಷ ಕೋರ್ಟು ಅಲೆದ ಸಮುದಾಯಕ್ಕೆ, ಗೆದ್ದ ಮೇಲೆ ಏನಾಯಿತು ಎಂದು ನೋಡುವ ಕನ್ನಡಕಕ್ಕೇ ಮಸಿ ಮೆತ್ತಿಕೊಂಡಿದೆ.

ಹಳೆಯ ಅನುಭವ ಇಲ್ಲದಿಲ್ಲ. ಕ್ಯಾಲಿಫೋರ್ನಿಯಾ 1996ರಲ್ಲೇ ಪ್ರೊಪೊಸಿಷನ್ 209 ಎಂಬ ಜನಮತದ ಮೂಲಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಜನಾಂಗದ ಪರಿಗಣನೆಯನ್ನು ನಿಷೇಧಿಸಿತ್ತು. ಅದು ಜಾರಿಯಾದ 1998ರಲ್ಲಿ ಅಲ್ಲಿಯೂ ಜನಾಂಗ ಹೇಳದವರ ಸಂಖ್ಯೆ ಒಮ್ಮೆಗೇ ಏರಿತ್ತು. 2005ರಲ್ಲಿ ಆ ರಾಜ್ಯದ ಕೆಲವು ಖಾಸಗಿ ಕಾಲೇಜುಗಳ ದಾಖಲೆಗಳನ್ನು ತಾಳೆ ಹಾಕಿ ನೋಡಿದ ಅಧ್ಯಯನಕ್ಕೆ ಆ ‘ಗೊತ್ತಿಲ್ಲ’ದವರಲ್ಲಿ ದೊಡ್ಡ ಪಾಲು ಬಿಳಿಯ ವಿದ್ಯಾರ್ಥಿಗಳದ್ದೆಂದು ಕಂಡುಬಂತು. ಹಾಗಾಗಿ ಖಾಲಿ ಬಿಟ್ಟವರೆಲ್ಲ ಏಷ್ಯನ್ನರು ಎಂದುಕೊಳ್ಳುವುದೂ ತಪ್ಪು. ತಮಗೆ ಈ ಕಾಲಂನಿಂದ ಪ್ರಯೋಜನವಿಲ್ಲ ಎಂದುಕೊಂಡವರು ಬಿಡುತ್ತಾರೆ, ಈ ಪ್ರಶ್ನೆ ಕೇಳುವುದೇ ತಪ್ಪು ಎನ್ನುವವರು ಬಿಡುತ್ತಾರೆ, ಯಾವ ಚೌಕದಲ್ಲೂ ಕೂರದವರು ಬಿಡುತ್ತಾರೆ, ಬೇಜಾರಾಗಿ ಬಿಡುವವರೂ ಇದ್ದಾರೆ.

ಇಷ್ಟು ಸಾಲದೆಂಬಂತೆ ಒಂದೊಂದು ಕಾಲೇಜಿನ ಲೆಕ್ಕ ಒಂದೊಂದು ತರಹ. ಜನಾಂಗ ಹೇಳದವರನ್ನು ಹೊರಗಿಟ್ಟು, ಹೇಳಿದವರಲ್ಲಿ ಮಾತ್ರ ಶೇಕಡಾವಾರು ತೆಗೆಯುವ ಕ್ರಮಕ್ಕೆ ಹಾರ್ವರ್ಡ್ ಬಂತು. ಎಂಐಟಿ ಎರಡು ಜನಾಂಗ ಹೇಳಿದವರನ್ನು ಎರಡೂ ಕಡೆ ಎಣಿಸುತ್ತದೆ, ಒಟ್ಟು ನೂರು ದಾಟುತ್ತದೆ. ಆದರೂ ಕೆಲವು ಬದಲಾವಣೆಗಳು ಯಾವ ಲೆಕ್ಕದಲ್ಲೂ ಅಡಗದಷ್ಟು ದೊಡ್ಡವು. 2024ರಲ್ಲಿ ಎಂಐಟಿ ಸೇರಿದವರಲ್ಲಿ ಕಪ್ಪುವರ್ಣೀಯರು ಶೇ 5. ಅದಕ್ಕೆ ಹಿಂದಿನ ವರ್ಷಗಳ ಸರಾಸರಿ ಶೇ 13. ಆ್ಯಮ್‌ಹರ್ಸ್ಟ್ ಕಾಲೇಜಿನಲ್ಲಿ ಶೇ 11ರಿಂದ 3ಕ್ಕೆ ಕುಸಿತ. ಹಾರ್ವರ್ಡ್‌ನಲ್ಲಿ ಮೊದಲ ವರ್ಷ ಶೇ 18ರಿಂದ 14ಕ್ಕೆ, 2025ರಲ್ಲಿ ಶೇ 11.5ಕ್ಕೆ. ಅಲ್ಲಿ ಏಷ್ಯನ್ ಅಮೆರಿಕನ್ನರು 2025ರ ಹೊತ್ತಿಗೆ ಶೇ 41. ಇಳಿಮುಖವಾದ ಸಾಲುಗಳು ಮಸುಕಿಲ್ಲದೆ ಕಾಣುತ್ತಿವೆ. ಮಸುಕಾಗಿರುವುದು ಬಿಳಿಯರ ಮತ್ತು ಏಷ್ಯನ್ನರ ನಡುವಿನ ಗೆರೆ. ಹಾರ್ವರ್ಡ್ ಮೊಕದ್ದಮೆಯ ಮೂಲ ದೂರು ಇದ್ದದ್ದೂ ಆ ಗೆರೆಯ ಬಗ್ಗೆಯೇ.

ಆ ಗೆರೆಗೇ ಸಂಬಂಧಿಸಿದ ಸಂಗತಿ ಇನ್ನೊಂದಿದೆ, ಅದರ ಬಗ್ಗೆ ಬಿಸಿಬೇಳೆಬಾತಿನ ಸಾಲಿನಲ್ಲಿ ಚರ್ಚೆ ಕಡಿಮೆ. ಆರ್ಸಿಡಿಯಾಕೊನೊ ಮತ್ತು ಸಂಗಡಿಗರು ಅದೇ ಹಾರ್ವರ್ಡ್ ದಾಖಲೆಗಳಿಂದ 2019ರಲ್ಲಿ ತೋರಿಸಿದ್ದು: ಪ್ರವೇಶ ಸಿಕ್ಕ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ 43ಕ್ಕಿಂತ ಹೆಚ್ಚು ಮಂದಿ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಅಧ್ಯಾಪಕರ ಮತ್ತು ಸಿಬ್ಬಂದಿಯ ಮಕ್ಕಳು, ಇಲ್ಲವೇ ದಾನಿಗಳ ಕಡೆಯವರಂತೆ ಡೀನರ ವಿಶೇಷ ಪಟ್ಟಿಯಲ್ಲಿದ್ದವರು. ಬೇರೆ ಜನಾಂಗಗಳಲ್ಲಿ ಈ ಪಾಲು ಶೇ 16ಕ್ಕಿಂತ ಕಡಿಮೆ. ಅಪ್ಪ ಎಲ್ಲಿ ಓದಿದ ಎಂಬ ಕಾಲಂ ಖಾಲಿ ಬಿಡುವವರ ಬಗ್ಗೆ ನಾನು ಕೇಳಿಲ್ಲ. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ ಖಾಸಗಿ ಕಾಲೇಜುಗಳಲ್ಲೂ ಈ ‘ಲೆಗಸಿ’ (ಹಳೆಯ ವಿದ್ಯಾರ್ಥಿಗಳ ಮಕ್ಕಳ) ಮತ್ತು ದಾನಿಗಳ ಆದ್ಯತೆಯನ್ನು ನಿಷೇಧಿಸಿದೆ. ಸುಪ್ರೀಂ ಕೋರ್ಟಿನ ತೀರ್ಪು ಅದನ್ನು ಮುಟ್ಟಲಿಲ್ಲ.

ಭಾರತೀಯರು ಈ ಚೌಕವನ್ನು ಹೇಗೆ ಪಡೆದರು ಎಂಬುದು ನೆನಪಿದ್ದರೆ ಖಾಲಿ ಬಿಡುವುದು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. 1920ರಿಂದ 1940ರವರೆಗಿನ ಮೂರು ಜನಗಣತಿಗಳಲ್ಲಿ ಅಮೆರಿಕ ನಮ್ಮವರನ್ನು ‘ಹಿಂದೂ’ ಎಂಬ ಜನಾಂಗವಾಗಿ ಬರೆದುಕೊಂಡಿತು. ಆ ಸಾಲಿನಲ್ಲಿದ್ದವರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಸಿಖ್, ತಾನು ಆರ್ಯ, ಹಾಗಾಗಿ ಬಿಳಿಯ, ಪೌರತ್ವ ಕೊಡಿ ಎಂದು ವಾದಿಸಿ ಸುಪ್ರೀಂ ಕೋರ್ಟಿನಲ್ಲಿ ಸೋತರು. 1965ರ ವಲಸೆ ಕಾನೂನು ಬಂದು ಡಾಕ್ಟರು, ಇಂಜಿನಿಯರುಗಳು ಹೋಗತೊಡಗಿದ ಮೇಲೆ 1970ರ ಜನಗಣತಿ ಭಾರತೀಯರನ್ನು ಬಿಳಿಯರಲ್ಲಿ ಸೇರಿಸಿತು. ಥಿಂಡ್ ಕೇಳಿದ್ದು ಐವತ್ತು ವರ್ಷ ತಡವಾಗಿ ಸಿಕ್ಕಿತು, ಆಗ ಯಾರಿಗೂ ಬೇಕಿರಲಿಲ್ಲ. ಬಿಳಿಯರೆಂದು ಎಣಿಸಿದರೆ ನಮ್ಮ ಮೇಲಿನ ತಾರತಮ್ಯ ಯಾವ ದಾಖಲೆಯಲ್ಲೂ ಕಾಣುವುದಿಲ್ಲ ಎಂದು ‘ಅಸೋಸಿಯೇಷನ್ ಆಫ್ ಇಂಡಿಯನ್ಸ್ ಇನ್ ಅಮೆರಿಕ’ ಸರ್ಕಾರದ ಬೆನ್ನು ಬಿತ್ತು. ಅಲ್ಪಸಂಖ್ಯಾತರ ಹಣೆಪಟ್ಟಿ ನಮಗೆ ಬೇಡ ಎಂದ ಭಾರತೀಯರೂ ಇದ್ದರು. ಕೊನೆಗೆ 1977ರ ಸರ್ಕಾರಿ ವರ್ಗೀಕರಣದಲ್ಲಿ ಭಾರತ ಉಪಖಂಡ ಏಷ್ಯಾದ ಸಾಲಿಗೆ ಸೇರಿತು, 1980ರ ಜನಗಣತಿಯಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಪ್ರತ್ಯೇಕ ಚೌಕ ಬಂತು. ಆ ತಲೆಮಾರು ಎಣಿಕೆಗೆ ಸಿಗಬೇಕೆಂದು ಪಡೆದ ಚೌಕವನ್ನು ಅವರ ಮೊಮ್ಮಕ್ಕಳು ಈಗ ಎಣಿಕೆಗೆ ಸಿಗಬಾರದೆಂದು ಬಿಡುತ್ತಿದ್ದಾರೆ.

ಚೌಕಗಳು ಒರಟು ಎಂಬ ಮಾತನ್ನು ಅಲ್ಲಗಳೆಯುವಂತಿಲ್ಲ. ಈಗ ನ್ಯೂಯಾರ್ಕ್ ಮೇಯರ್ ಆಗಿರುವ ಜೊಹ್ರಾನ್ ಮಮ್ದಾನಿ 2009ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ‘ಏಷ್ಯನ್’ ಮತ್ತು ‘ಕಪ್ಪುವರ್ಣೀಯ ಅಥವಾ ಆಫ್ರಿಕನ್ ಅಮೆರಿಕನ್’ ಎರಡಕ್ಕೂ ಟಿಕ್ ಹಾಕಿದ್ದು 2025ರ ಜುಲೈಯಲ್ಲಿ, ಚುನಾವಣೆಯ ಕಾವಿನಲ್ಲಿ, ಸುದ್ದಿಯಾಯಿತು. ಹುಟ್ಟಿದ್ದು ಉಗಾಂಡಾದಲ್ಲಿ, ಮೂಲ ಭಾರತ. ತನ್ನ ಹಿನ್ನೆಲೆಯನ್ನು ಹೇಳುವ ಚೌಕ ಅಲ್ಲಿರಲಿಲ್ಲ, ಉಗಾಂಡಾ ಎಂದೂ ಬರೆದಿದ್ದೆ ಎಂದು ಅವರು ವಿವರಣೆ ಕೊಟ್ಟರು. ಅಪ್ಪ ಅಲ್ಲೇ ಪ್ರಾಧ್ಯಾಪಕರಾಗಿದ್ದರೂ ಸೀಟು ಸಿಕ್ಕಿರಲಿಲ್ಲ. ಕೀನ್ಯಾ, ಟಾಂಜಾನಿಯಾದಿಂದ ಹೋದ ಗುಜರಾತಿಗಳು, ಗಯಾನಾ–ಟ್ರಿನಿಡಾಡ್‌ನ ಭಾರತೀಯ ಮೂಲದವರು ಈ ಪುಟದಲ್ಲಿ ಪ್ರತಿ ವರ್ಷ ತಡಕಾಡುತ್ತಾರೆ. ಚೌಕಗಳು ಬದಲಾಗುವುದೂ ಉಂಟು. 2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ವರ್ಗೀಕರಣವನ್ನು ಪರಿಷ್ಕರಿಸಿ, ಅದುವರೆಗೆ ಬಿಳಿಯರಲ್ಲಿ ಸೇರಿದ್ದ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ಸಾಲು ಕೊಟ್ಟಿತು. ಹಿಸ್ಪಾನಿಕ್ ಪ್ರಶ್ನೆಯನ್ನೂ ಜನಾಂಗದ ಪ್ರಶ್ನೆಯೊಳಗೆ ಬೆರೆಸಿತು.

ಇತ್ತ ಲೆಕ್ಕ ಕೇಳುವವರ ಒತ್ತಡವೂ ಹೆಚ್ಚಿದೆ. 2025ರ ಜುಲೈಯಲ್ಲಿ ಕೊಲಂಬಿಯಾ ಮತ್ತು ಬ್ರೌನ್ ವಿಶ್ವವಿದ್ಯಾಲಯಗಳು ಟ್ರಂಪ್ ಸರ್ಕಾರದೊಂದಿಗೆ ಮಾಡಿಕೊಂಡ ಒಪ್ಪಂದಗಳಲ್ಲಿ ಪ್ರವೇಶದ ಅಂಕಿಅಂಶವನ್ನು ಜನಾಂಗವಾರು ಒಪ್ಪಿಸುವ ಷರತ್ತು ಇತ್ತು. ಆಗಸ್ಟ್ 7ರಂದು ಅಧ್ಯಕ್ಷರು ಆದೇಶಪತ್ರ ಹೊರಡಿಸಿ, ಕಾಲೇಜುಗಳು ಇನ್ನು ಮುಂದೆ ಸೇರಿದವರ ಲೆಕ್ಕವಷ್ಟೇ ಅಲ್ಲ, ಪ್ರವೇಶದ ಬಗೆಗಿನ ವಿವರವಾದ ಲೆಕ್ಕವನ್ನೂ ಕೊಡುವಂತೆ ಮಾಡಬೇಕೆಂದು ಶಿಕ್ಷಣ ಇಲಾಖೆಗೆ ಸೂಚಿಸಿದರು. ಅರ್ಜಿ ಹಾಕಿದವರು, ಆಯ್ಕೆಯಾದವರು, ಸೇರಿದವರನ್ನು ಜನಾಂಗ ಮತ್ತು ಲಿಂಗವಾರು, ಅಂಕಗಳ ಸಮೇತ ಕೇಳುವ ಯೋಜನೆಯನ್ನು ಇಲಾಖೆ ಮುಂದಿಟ್ಟಿತು. ತೀರ್ಪನ್ನು ಯಾರೂ ಕಳ್ಳದಾರಿಯಲ್ಲಿ ತಪ್ಪಿಸಬಾರದು ಎಂಬುದು ಸರ್ಕಾರದ ಮಾತು. ಜನಾಂಗ ನೋಡಬೇಡಿ ಎಂದವರೇ ಜನಾಂಗದ ಪಟ್ಟಿಯನ್ನು ಇಷ್ಟು ವಿವರವಾಗಿ ಕೇಳುವುದರಲ್ಲಿ ವ್ಯಂಗ್ಯ ಇದೆ. ತರ್ಕವೂ ಇದೆ: ತೂಗಬಾರದು ಎಂಬ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಲು ಎಣಿಸಲೇಬೇಕು. ಎಣಿಕೆಯ ಆ ಪಟ್ಟಿಯಲ್ಲೂ ತಮ್ಮ ಜನಾಂಗ ಹೇಳದವರು ಇದ್ದೇ ಇರುತ್ತಾರೆ, ಆ ಸಾಲು ಉದ್ದವಾದಷ್ಟೂ ಉಳಿದ ಸಾಲುಗಳ ಮೇಲಿನ ವಾದ ಜಾಳಾಗುತ್ತದೆ. ಕಾಲೇಜಿಗೂ ಅದೇ ಗುರಾಣಿ, ದೂರುವವರಿಗೂ ಅದೇ ಅನುಮಾನ.

ಹಾಗಿದ್ದರೆ ಅರ್ಜಿ ತುಂಬುತ್ತಿರುವ ಕನ್ನಡಿಗರ ಮನೆಯಲ್ಲಿ ಏನು ಮಾಡಬೇಕು? ಮಗುವಿಗೆ ಅಲ್ಲಿನ ಪೌರತ್ವವೋ ಗ್ರೀನ್ ಕಾರ್ಡೋ ಇದ್ದರೆ ಟಿಕ್ ಹಾಕುವುದರಿಂದ ಕಾನೂನಿನ ಪ್ರಕಾರ ನಷ್ಟವಿಲ್ಲ, ಬಿಡುವುದರಿಂದ ಲಾಭವಿಲ್ಲ. ಹೇಳಿಕೊಳ್ಳಲು ಇಷ್ಟವಿಲ್ಲದವರು ಬಿಡಲಿ, ಅದು ಅವರ ಹಕ್ಕು. ಹೆದರಿ ಬಿಡುವ ಕಾರಣ ಮಾತ್ರ ಈಗ ಹಳಸಿದೆ. ಬಿಡುವವರು ಒಂದು ವಿಷಯ ತಿಳಿದಿದ್ದರೆ ಸಾಕು. ಮುಂದಿನ ಶರತ್ಕಾಲದಲ್ಲಿ ಕಾಲೇಜು ಪಟ್ಟಿ ಪ್ರಕಟಿಸಿದಾಗ ಏಷ್ಯನ್ನರು ಕಡಿಮೆಯಾದರೆಂದು ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಎದ್ದು ಕೂಗುವಾಗ, ಆ ಕಡಿಮೆಯಲ್ಲಿ ತಮ್ಮ ಮಗಳೂ ಇರಬಹುದು.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಿಂದ ನೇರವಾಗಿ ಅರ್ಜಿ ಹಾಕುವ ಮಕ್ಕಳಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ. ವೀಸಾ ಮೇಲೆ ಓದಲು ಹೋಗುವವರು ಏನೇ ಟಿಕ್ ಮಾಡಲಿ, ಏನೂ ಮಾಡದಿರಲಿ, ಇಲಾಖೆಗೆ ಹೋಗುವ ವರದಿಯಲ್ಲಿ ಅವರ ಜನಾಂಗ ಬರುವುದಿಲ್ಲ. ಅನಿವಾಸಿ ಎಂಬ ಬೇರೆಯೇ ಸಾಲಿನಲ್ಲಿ ಎಣಿಕೆಯಾಗುತ್ತಾರೆ. ಅವರು ಎರಡು ಸಲ ಓದಿ ತುಂಬಬೇಕಾದ ಕಾಲಂ ಬೇರೆ ಇದೆ: ಹಣಕಾಸಿನ ನೆರವು ಕೇಳುತ್ತೀರಾ, ಹೌದೋ ಅಲ್ಲವೋ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್‌ನಂಥ ಕೆಲವೇ ಕಡೆ ವಿದೇಶಿ ವಿದ್ಯಾರ್ಥಿಯ ವಿಷಯದಲ್ಲೂ ಆ ಉತ್ತರ ನೋಡದೆ ಆಯ್ಕೆ ಮಾಡುತ್ತಾರೆ. ಉಳಿದ ಬಹುಪಾಲು ಕಾಲೇಜುಗಳಲ್ಲಿ ಅದನ್ನು ಯಾರೂ ಮುಚ್ಚಿಟ್ಟಿಲ್ಲ, ನೋಡಿಯೇ ತೀರ್ಮಾನಿಸುತ್ತಾರೆ.